ತಲೆ ಕೊರೆಯುವ ಪ್ರಶ್ನೆಯೇ ಪ್ರಬಂಧವಾದಾಗ

ಪದವಿ ಕಾಲೇಜುಗಳಲ್ಲಿ ಕೊನೆಯ ಸೆಮಿಸ್ಟರ್ ಶುರುವಾಗುತ್ತಿದ್ದಂತೆ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಒಂದು ಪಟ್ಟಿ ಬೀಳುತ್ತದೆ. ರೋಲ್ ನಂಬರ್, ಹೆಸರು, ಗೈಡ್, ಎದುರಿಗೆ ವಿಷಯ. ಗ್ರಾಹಕರ ತೃಪ್ತಿ, ಸ್ವಸಹಾಯ ಸಂಘಗಳ ಪಾತ್ರ, ಸಾಮಾಜಿಕ ಜಾಲತಾಣಗಳ ಪರಿಣಾಮ, ಕಾದಂಬರಿಗಳಲ್ಲಿ ಸ್ತ್ರೀ. ಎಲ್ಲದಕ್ಕೂ ‘ಒಂದು ಅಧ್ಯಯನ’ ಎಂಬ ಬಾಲ. ಪಟ್ಟಿ ನೋಡಿದ ವಿದ್ಯಾರ್ಥಿ ಮೊದಲು ಮಾಡುವ ಕೆಲಸ ಹೋದ ವರ್ಷದ ಸೀನಿಯರ್‌ನ ಫೋನ್ ನಂಬರ್ ಹುಡುಕುವುದು. ಹಳೆಯ ರಿಪೋರ್ಟ್ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದ ಹಾಗೆ. ಊರಿನ ಹೆಸರು, ಇಸವಿ, ಕೋಷ್ಟಕದ ಅಂಕಿ ಬದಲಾಗುತ್ತವೆ. ಉಳಿದದ್ದನ್ನು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿ ನೋಡಿಕೊಳ್ಳುತ್ತದೆ: ಟೈಪಿಂಗ್, ಪ್ರಿಂಟ್, ಬೈಂಡಿಂಗ್, ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ. ಈಗಂತೂ ಚಾಟ್‌ಜಿಪಿಟಿ ಬಂದು ಸೀನಿಯರ್‌ನ ಹಂಗೂ ತಪ್ಪಿದೆ.

ಇದಕ್ಕೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ತನ್ನಲ್ಲಿ ಹುಟ್ಟದ ಪ್ರಶ್ನೆಗೆ ಉತ್ತರ ಹುಡುಕು ಎಂದರೆ ಯಾರಾದರೂ ಹತ್ತಿರದ ದಾರಿಯನ್ನೇ ಹಿಡಿಯುತ್ತಾರೆ. ಸಂಶೋಧನಾ ಪ್ರಬಂಧವನ್ನು ನಾವು ತಲೆಕೆಳಗು ಮಾಡಿ ಕಲಿಸುತ್ತಿದ್ದೇವೆ ಎಂಬುದೇ ನನ್ನ ದೂರು. ಮೊದಲು ಅಧ್ಯಾಯಗಳ ವಿಭಜನೆ, ಆಮೇಲೆ ಉದ್ದೇಶಗಳು, ಆಮೇಲೆ ಪ್ರಾಕ್ಕಲ್ಪನೆ. ಇಷ್ಟೆಲ್ಲ ಇದ್ದೂ ಪ್ರಶ್ನೆ ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ವಿದ್ಯಾರ್ಥಿಗಳು ಬರೆದು, ಜಗತ್ತು ಇಂದಿಗೂ ನೆನಪಿಟ್ಟುಕೊಂಡಿರುವ ಕೆಲವು ಪ್ರಬಂಧಗಳಿವೆ. ಅವು ಹುಟ್ಟಿದ್ದು ಇದಕ್ಕೆ ನೇರ ಉಲ್ಟಾ ಕ್ರಮದಲ್ಲಿ. ಅವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಐಸ್‌ಕ್ರೀಮ್ ತಿನ್ನುವ ಆಸೆಯಿಂದ ಹುಟ್ಟಿದ ಪ್ರಬಂಧ.

ಫ್ರೀಜರಿನೊಳಗೆ ಬಿಸಿ ಹಾಲು

1963. ಆಗಿನ ತಾಂಗನಿಕಾ, ಈಗಿನ ತಾಂಜಾನಿಯಾ. ಮಗಾಂಬ ಎಂಬಲ್ಲಿನ ಸೆಕೆಂಡರಿ ಶಾಲೆಯಲ್ಲಿ ಎರಾಸ್ಟೊ ಎಂಪೆಂಬ ಎಂಬ ಹುಡುಗ ಓದುತ್ತಿದ್ದ. ಆ ಶಾಲೆಯ ಹುಡುಗರಿಗೆ ಐಸ್‌ಕ್ರೀಮ್ ಮಾಡುವ ಹುಚ್ಚು. ಹಾಲು ಕಾಯಿಸಬೇಕು, ಸಕ್ಕರೆ ಬೆರೆಸಬೇಕು, ಪೂರ್ತಿ ಆರಿದ ಮೇಲೆ ಫ್ರೀಜರಿಗಿಡಬೇಕು. ಫ್ರೀಜರಿನಲ್ಲಿ ಜಾಗ ಕಡಿಮೆ, ಹುಡುಗರು ಜಾಸ್ತಿ. ಒಂದು ದಿನ ಪಕ್ಕದವನೊಬ್ಬ ಹಾಲನ್ನು ಕಾಯಿಸದೆಯೇ ಸಕ್ಕರೆ ಕಲಸಿ ಟ್ರೇಗೆ ಸುರಿಯುತ್ತಿರುವುದನ್ನು ಎಂಪೆಂಬ ನೋಡಿದ. ಇನ್ನು ಕಾದರೆ ಟ್ರೇ ಕೈತಪ್ಪುತ್ತದೆ. ಫ್ರಿಜ್ ಕೆಟ್ಟರೆ ಕೆಡಲಿ ಎಂದುಕೊಂಡು ಕುದಿಯುವ ಹಾಲನ್ನೇ ಒಳಗಿಟ್ಟುಬಿಟ್ಟ. ಒಂದೂವರೆ ಗಂಟೆ ಬಿಟ್ಟು ಇಬ್ಬರೂ ಬಾಗಿಲು ತೆಗೆದರು. ಎಂಪೆಂಬನ ಹಾಲು ಗಟ್ಟಿಯಾಗಿತ್ತು. ಇನ್ನೊಬ್ಬನದು ಇನ್ನೂ ಮಂದ ದ್ರವ.

ಎಲ್ಲ ಹುಡುಗರ ಹಾಗೆ ಅವನೂ ಐಸ್‌ಕ್ರೀಮ್ ತಿಂದು ಸುಮ್ಮನಿರಬಹುದಿತ್ತು. ಹೋಗಿ ಭೌತವಿಜ್ಞಾನದ ಮೇಷ್ಟ್ರನ್ನು ಕೇಳಿದ. ನಿನಗೆಲ್ಲೋ ಗೊಂದಲವಾಗಿದೆ, ಹಾಗಾಗಲು ಸಾಧ್ಯವಿಲ್ಲ ಎಂಬ ಉತ್ತರ ಬಂತು. ಹುಡುಗ ನಂಬಿದ. ಆದರೆ ರಜೆಯಲ್ಲಿ ಟಾಂಗಾ ಪಟ್ಟಣದಲ್ಲಿ ಐಸ್‌ಕ್ರೀಮ್ ಮಾಡಿ ಮಾರುವ ಗೆಳೆಯನೊಬ್ಬ ಸಿಕ್ಕ. ಬಿಸಿಯಾಗಿಟ್ಟರೆ ಬೇಗ ಗಟ್ಟಿಯಾಗುತ್ತದೆ, ನಾವು ಇಡುವುದೇ ಹಾಗೆ ಎಂದ. ಶಾಲೆಯಲ್ಲಿ ಸಾಧ್ಯವಿಲ್ಲದ್ದು ಬೀದಿಯಲ್ಲಿ ದಿನನಿತ್ಯದ ಕಸುಬಾಗಿತ್ತು! ಪ್ರಶ್ನೆ ಮತ್ತೆ ತಲೆ ಹೊಕ್ಕಿತು.

ಮುಂದೆ ಇರಿಂಗದ ಎಂಕ್ವಾವ ಹೈಸ್ಕೂಲಿಗೆ ಸೇರಿದ. ಅಲ್ಲಿ ನ್ಯೂಟನ್ನನ ಶೀತಲೀಕರಣ ನಿಯಮದ ಪಾಠ ನಡೆದಾಗ ಎಂಪೆಂಬ ಮತ್ತೆ ಅದೇ ಪ್ರಶ್ನೆ ಎತ್ತಿದ. ಅದು ಎಂಪೆಂಬನ ಭೌತವಿಜ್ಞಾನ ಇರಬೇಕು, ಲೋಕದ್ದಲ್ಲ ಎಂದು ಮೇಷ್ಟ್ರು ಲೇವಡಿ ಮಾಡಿದರು. ಅಂದಿನಿಂದ ತರಗತಿಯಲ್ಲಿ ಅವನು ಲೆಕ್ಕ ತಪ್ಪಿದರೂ ಅದು ‘ಎಂಪೆಂಬನ ಗಣಿತ’. ಹುಡುಗ ಮುದುಡಲಿಲ್ಲ. ಒಂದು ಮಧ್ಯಾಹ್ನ ಜೀವವಿಜ್ಞಾನದ ಲ್ಯಾಬ್ ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಎರಡು ಸಣ್ಣ ಬೀಕರ್ ತೆಗೆದುಕೊಂಡು ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಬಾಯ್ಲರಿನ ಬಿಸಿನೀರು ತುಂಬಿ ಫ್ರೀಜರಿಗಿಟ್ಟ. ಒಂದು ಗಂಟೆ ಬಿಟ್ಟು ನೋಡಿದರೆ ಎರಡೂ ಪೂರ್ತಿ ಹೆಪ್ಪುಗಟ್ಟಿರಲಿಲ್ಲ, ಆದರೆ ಬಿಸಿನೀರಿನದರಲ್ಲಿ ಮಂಜುಗಡ್ಡೆ ಹೆಚ್ಚಿತ್ತು. ನನ್ನ ಮಟ್ಟಿಗೆ ಈ ಕಥೆಯ ತಿರುವು ಇದು. ಅಲ್ಲಿಯವರೆಗೆ ಅವನ ಹತ್ತಿರ ಇದ್ದದ್ದು ಒಂದು ಅಚ್ಚರಿ. ಹಾಲು, ಸಕ್ಕರೆ, ಅವಸರ, ಪಕ್ಕದವನ ಟ್ರೇ ಎಲ್ಲವನ್ನೂ ಕಳೆದು ಬರೀ ನೀರಿಗೆ ಇಳಿಸಿದಾಗ ಅದು ಪ್ರಶ್ನೆಯಾಯಿತು.

ಆಮೇಲೆ ದಾರ್ ಎಸ್ ಸಲಾಮ್‌ನ ಯೂನಿವರ್ಸಿಟಿ ಕಾಲೇಜಿನ ಭೌತವಿಜ್ಞಾನಿ ಡೆನಿಸ್ ಆಸ್ಬೋರ್ನ್ ಎಂಪೆಂಬನ ಶಾಲೆಗೆ ಉಪನ್ಯಾಸ ಕೊಡಲು ಬಂದರು. ಕೊನೆಯಲ್ಲಿ ಎಂಪೆಂಬ ಎದ್ದು ನಿಂತ. ಸಮಪ್ರಮಾಣದ ನೀರು, ಒಂದು 35 ಡಿಗ್ರಿಯಲ್ಲಿ, ಇನ್ನೊಂದು 100 ಡಿಗ್ರಿಯಲ್ಲಿ, ಎರಡನ್ನೂ ಫ್ರೀಜರಿಗಿಟ್ಟರೆ 100 ಡಿಗ್ರಿಯದೇ ಮೊದಲು ಹೆಪ್ಪುಗಟ್ಟುತ್ತದೆ, ಏಕೆ? ಸಹಪಾಠಿಗಳು ನಕ್ಕರು. ಆಸ್ಬೋರ್ನ್ ನಗಲಿಲ್ಲ. ನೀನು ನಿಜವಾಗಿ ಮಾಡಿ ನೋಡಿದ್ದೀಯಾ ಎಂದು ಕೇಳಿದರು, ನಾನೂ ಮಾಡಿ ನೋಡುತ್ತೇನೆ ಎಂದು ಮಾತು ಕೊಟ್ಟು ಹೋದರು. ಅವರಿಗೂ ನಂಬಿಕೆ ಇರಲಿಲ್ಲ ಅನ್ನುವುದು ಬೇರೆ ಮಾತು. ಲ್ಯಾಬಿನ ಸಹಾಯಕನಿಗೆ ಪ್ರಯೋಗ ವಹಿಸಿದರು. ಬಿಸಿನೀರೇ ಮೊದಲು ಹೆಪ್ಪುಗಟ್ಟಿತು ಎಂದು ಅವನು ವರದಿ ಕೊಟ್ಟ. ಸರಿಯಾದ ಉತ್ತರ ಬರುವವರೆಗೆ ಮಾಡುತ್ತಲೇ ಇರುತ್ತೇವೆ ಎಂಬ ಭರವಸೆಯನ್ನೂ ಜೊತೆಗೆ ಕೊಟ್ಟ. ನಮ್ಮ ಎಷ್ಟು ಪ್ರಾಜೆಕ್ಟ್ ರಿಪೋರ್ಟುಗಳು ಇದೇ ತತ್ವದ ಮೇಲೆ ತಯಾರಾಗುತ್ತವೋ!

1969ರಲ್ಲಿ ‘ಫಿಸಿಕ್ಸ್ ಎಜುಕೇಷನ್’ ಪತ್ರಿಕೆಯಲ್ಲಿ ಎಂಪೆಂಬ ಮತ್ತು ಆಸ್ಬೋರ್ನ್ ಇಬ್ಬರ ಹೆಸರಿನಲ್ಲಿ ಪ್ರಬಂಧ ಬಂತು. ಶೀರ್ಷಿಕೆ ಒಂದೇ ಪದ, ‘ಕೂಲ್?’, ಪ್ರಶ್ನಾರ್ಥಕ ಚಿಹ್ನೆ ಸಮೇತ. ಮೊದಲರ್ಧ ಎಂಪೆಂಬನ ಬಾಯಿಂದಲೇ. ತನ್ನ ಶೋಧಕ್ಕೆ ಕಾರಣ ಫ್ರಿಜ್ಜಿನ ದುರ್ಬಳಕೆ ಎಂದು ಅವನು ಮೊದಲಲ್ಲೇ ಹೇಳಿಬಿಡುತ್ತಾನೆ. ಮೇಷ್ಟ್ರು ನಕ್ಕದ್ದು, ಗೆಳೆಯರು ಅಣಕಿಸಿದ್ದು ಎಲ್ಲವೂ ಅಲ್ಲಿದೆ. ಉಳಿದರ್ಧ ಆಸ್ಬೋರ್ನ್ ಅವರದು: 100 ಮಿಲಿಲೀಟರ್ ಬೀಕರುಗಳಲ್ಲಿ 70 ಮಿಲಿಲೀಟರ್ ನೀರು, ಕೆಳಗೆ ಥರ್ಮೋಕೋಲಿನಂಥ ಹಾಳೆ, ಸಾಮಾನ್ಯ ಮನೆಯ ಫ್ರಿಜ್. 25 ಡಿಗ್ರಿಯ ನೀರು ಹೆಪ್ಪುಗಟ್ಟಲು ಶುರುವಾಗುವುದಕ್ಕೆ ಅತಿ ಹೆಚ್ಚು ಸಮಯ ಹಿಡಿಯಿತು, 90ರ ಆಸುಪಾಸಿನದು ಅದಕ್ಕಿಂತ ಬಹಳ ಬೇಗ ಶುರುವಾಯಿತು. ಅರಿಸ್ಟಾಟಲ್, ಬೇಕನ್, ಡೇಕಾರ್ಟ್ ಕೂಡ ಬಿಸಿನೀರಿನ ಈ ಸ್ವಭಾವದ ಬಗ್ಗೆ ಬರೆದಿದ್ದರು. ಆದರೂ ಪರಿಣಾಮಕ್ಕೆ ಇಂದು ಇರುವುದು ಎಂಪೆಂಬನ ಹೆಸರು.

ಕಥೆ ಇಲ್ಲಿಗೆ ಮುಗಿದಿದ್ದರೆ ಬರೀ ಸ್ಫೂರ್ತಿ ಕಥೆಯಾಗುತ್ತಿತ್ತು. 2012ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಈ ಪರಿಣಾಮಕ್ಕೆ ಒಳ್ಳೆಯ ವಿವರಣೆ ಕೊಟ್ಟವರಿಗೆ ಸಾವಿರ ಪೌಂಡ್ ಬಹುಮಾನ ಎಂದು ಸಾರಿತು; ಸುಮಾರು 22,000 ಉತ್ತರಗಳು ಬಂದವು. 2016ರಲ್ಲಿ ಹೆನ್ರಿ ಬರಿಜ್ ಮತ್ತು ಪಾಲ್ ಲಿಂಡನ್ ಎಂಬ ಇಬ್ಬರು ಸಂಶೋಧಕರು ಪರಿಣಾಮವನ್ನೇ ಅನುಮಾನಿಸಿ ಬರೆದರು. ಥರ್ಮಾಮೀಟರನ್ನು ಒಂದು ಸೆಂಟಿಮೀಟರ್ ಆಚೀಚೆ ಇಟ್ಟರೂ ಇಲ್ಲದ ಪರಿಣಾಮ ಇದೆ ಎಂದು ಕಾಣಿಸಬಹುದು ಎಂಬುದು ಅವರ ವಾದ. ಜಗಳ ಇನ್ನೂ ಹರಿದಿಲ್ಲ. ಎಂಪೆಂಬನ ಮಾತೇ ಕೊನೆಗೆ ಸುಳ್ಳೆಂದು ತೀರ್ಮಾನವಾದರೂ ಆ ಪ್ರಬಂಧದ ಬೆಲೆ ಕಡಿಮೆಯಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಏನು ಮಾಡಿದೆ, ಹೇಗೆ ಮಾಡಿದೆ, ಏನು ಕಂಡಿತು ಎಂದು ಬೇರೆಯವರು ಮಾಡಿ ನೋಡುವಷ್ಟು ಸ್ಪಷ್ಟವಾಗಿ ಬರೆದಿದ್ದರಿಂದಲೇ ಅದರ ಜೊತೆ ಐವತ್ತು ವರ್ಷ ಜಗಳವಾಡಲು ಸಾಧ್ಯವಾಯಿತು.

ಎಂಟು ವರ್ಷದ ಲೇಖಕರು, ಹದಿನೆಂಟರ ರಾಮನ್

ಇನ್ನೊಂದು ಪ್ರಬಂಧ ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಬ್ಲ್ಯಾಕಾಟನ್ ಎಂಬ ಹಳ್ಳಿಯದು. ಬರೆದವರು ಅಲ್ಲಿನ ಪ್ರಾಥಮಿಕ ಶಾಲೆಯ ಎಂಟರಿಂದ ಹತ್ತು ವರ್ಷದ 25 ಮಕ್ಕಳು. ನರವಿಜ್ಞಾನಿ ಬೋ ಲಾಟೊ ಜೊತೆಗಿದ್ದರು. ದುಂಬಿಗಳು ಹೂವನ್ನು ಬರೀ ಬಣ್ಣದಿಂದ ಗುರುತಿಸುತ್ತವೆಯೋ, ಅಥವಾ ಯಾವ ಬಣ್ಣದ ಪಕ್ಕ ಯಾವ ಬಣ್ಣವಿದೆ ಎಂಬ ವಿನ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆಯೋ ಎಂಬುದು ಮಕ್ಕಳ ಪ್ರಶ್ನೆ. ದುಂಬಿಗಳನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ಮಂಪರು ಬರಿಸಿ, ಬೆನ್ನಿಗೆ ಬಣ್ಣದ ಚುಕ್ಕೆಯಿಟ್ಟು ಗುರುತು ಮಾಡಿಕೊಂಡರು. ಪಾರದರ್ಶಕ ಪೆಟ್ಟಿಗೆಯೊಳಗೆ ನೀಲಿ, ಹಳದಿ ವೃತ್ತಗಳ ಫಲಕ ನಿಲ್ಲಿಸಿದರು. ಒಂದರಲ್ಲಿ ಮಧ್ಯೆ ಹಳದಿ ಸುತ್ತ ನೀಲಿ, ಮತ್ತೊಂದರಲ್ಲಿ ಅದರ ತಿರುವು. ಮಧ್ಯದ ವೃತ್ತಗಳಲ್ಲಿ ಸಕ್ಕರೆ ನೀರು, ಸುತ್ತಲಿನವುಗಳಲ್ಲಿ ಉಪ್ಪುನೀರು. ದುಂಬಿಗಳು ಕಲಿತವು. ಎಲ್ಲ ದುಂಬಿಗಳೂ ಒಂದೇ ಉಪಾಯ ಹೂಡಲಿಲ್ಲ ಎಂಬುದೂ ಕಂಡಿತು.

2010ರ ಡಿಸೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ‘ಬಯಾಲಜಿ ಲೆಟರ್ಸ್’ ಇದನ್ನು ಪ್ರಕಟಿಸಿತು. ಭಾಷೆ ಮಕ್ಕಳದೇ, ಅಜ್ಜಿ ಕಥೆಯಂತೆ ಒಂದಾನೊಂದು ಕಾಲದಲ್ಲಿ ಎಂದೇ ಶುರು. ಚಿತ್ರಗಳಿಗೆ ಬಣ್ಣ ಬಳಿದವರೂ ಮಕ್ಕಳೇ. ಪರಾಮರ್ಶನ ಗ್ರಂಥಗಳ ಪಟ್ಟಿ ಇಲ್ಲ, ಸಂಖ್ಯಾಶಾಸ್ತ್ರದ ಪರೀಕ್ಷೆ ಇಲ್ಲ. ಹಿಂದಿನ ಅಧ್ಯಯನಗಳ ನಡುವೆ ಇದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಇಬ್ಬರು ತಜ್ಞರಿಂದ ಬೇರೆಯಾಗಿ ಬರೆಸಿ ಪತ್ರಿಕೆ ಜೊತೆಯಲ್ಲೇ ಅಚ್ಚು ಹಾಕಿತು. ಇದನ್ನು ನೋಡಿ ಪರಾಮರ್ಶನ ಪಟ್ಟಿಯೇ ಬೇಡ ಎಂದು ಯಾರೂ ತಿಳಿಯಬಾರದು. ಎಂಟು ವರ್ಷದವರಿಗೆ ಸಿಕ್ಕ ರಿಯಾಯಿತಿ ಎಂ.ಎ. ವಿದ್ಯಾರ್ಥಿಗೆ ಸಿಗುವುದಿಲ್ಲ.

ಅಮೆರಿಕದ ಎಮಿಲಿ ರೋಸಾಳ ಪ್ರಯೋಗಕ್ಕೆ ಇಷ್ಟು ಸಲಕರಣೆಯೂ ಬೇಕಾಗಲಿಲ್ಲ. ರೋಗಿಯ ಮೈ ಮುಟ್ಟದೆ, ಮೇಲಿಂದ ಕೈಯಾಡಿಸಿ ದೇಹದ ‘ಶಕ್ತಿಕ್ಷೇತ್ರ’ವನ್ನು ಸರಿಪಡಿಸುತ್ತೇವೆ ಎನ್ನುವ ಚಿಕಿತ್ಸೆಯೊಂದು ಅಲ್ಲಿನ ನರ್ಸುಗಳಲ್ಲಿ ಹಬ್ಬಿತ್ತು. ಆ ಕ್ಷೇತ್ರ ಕೈಗೆ ತಿಳಿಯುತ್ತದೆ ಎಂದು ಅವರ ಮಾತು. ಒಂಬತ್ತರ ಎಮಿಲಿ ಶಾಲೆಯ ವಿಜ್ಞಾನ ಮೇಳಕ್ಕೆಂದು ರಟ್ಟಿನ ಪರದೆ ನಿಲ್ಲಿಸಿ ತೂತು ಕೊರೆದಳು. ಚಿಕಿತ್ಸಕರು ಎರಡೂ ಕೈ ತೂರಿಸಿ ಅಂಗೈ ಮೇಲೆ ಮಾಡಿ ಇಡಬೇಕು, ನಾಣ್ಯ ಚಿಮ್ಮಿ ಬಂದಂತೆ ಎಡಗೈಯದೋ ಬಲಗೈಯದೋ ಮೇಲೆ ಎಮಿಲಿ ತನ್ನ ಕೈ ಹಿಡಿಯುತ್ತಾಳೆ, ಯಾವ ಕೈ ಎಂದು ಅವರು ಹೇಳಬೇಕು. 21 ಮಂದಿ, 280 ಸಲ. ಸರಿಯಾದದ್ದು 123, ಅಂದರೆ ನೂರಕ್ಕೆ 44. ಕಣ್ಣುಮುಚ್ಚಿ ಊಹಿಸಿದ್ದರೂ ಅರ್ಧ ಸರಿಯಾಗಬೇಕಿತ್ತು. 1998ರ ಏಪ್ರಿಲ್‌ನಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಬಂಧ ಬಂದಾಗ ಅವಳಿಗೆ ಹನ್ನೊಂದು. ತಾಯಿ ಮತ್ತಿತರ ಹಿರಿಯರು ಸಹಲೇಖಕರಾಗಿದ್ದರು. ನಮ್ಮಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿ ಎಷ್ಟು ಮಾತು ಕೇಳಬೇಕಾಯಿತು ಎಂಬುದನ್ನು ಬಲ್ಲವರಿಗೆ ಆ ಹುಡುಗಿಯ ರಟ್ಟಿನ ಪರದೆಯ ಗಟ್ಟಿತನ ತಕ್ಷಣ ಅರ್ಥವಾದೀತು.

ಇನ್ನು ಸಿ.ವಿ. ರಾಮನ್. ನೊಬೆಲ್ ತಂದ ರಾಮನ್ ಪರಿಣಾಮ ಎಲ್ಲರಿಗೂ ಗೊತ್ತು, ವಿದ್ಯಾರ್ಥಿ ರಾಮನ್ ಅಷ್ಟಾಗಿ ಗೊತ್ತಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಓದುತ್ತಿದ್ದಾಗ ಸ್ಪೆಕ್ಟ್ರೋಮೀಟರ್ ಮೇಲೆ ಪಟ್ಟಕದ ಕೋನ ಅಳೆಯುವ ಮಾಮೂಲಿ ಪ್ರಯೋಗ ಮಾಡುತ್ತಿದ್ದರು. ಇಂದಿನ ಬಿ.ಎಸ್ಸಿ. ಲ್ಯಾಬಿನಲ್ಲೂ ಇರುವ ಪ್ರಯೋಗವೇ. ಬೆಳಕು ಓರೆಯಾಗಿ ಬಿದ್ದಾಗ ಕಂಡ ಪಟ್ಟೆಗಳು ಎರಡೂ ಪಕ್ಕ ಒಂದೇ ಸಮ ಇರಲಿಲ್ಲ. ರೆಕಾರ್ಡ್ ಬುಕ್ಕಿಗೆ ಬೇಕಿದ್ದದ್ದು ಕೋನ ಮಾತ್ರ. ರಾಮನ್ ಪಟ್ಟೆಗಳ ಬೆನ್ನು ಹತ್ತಿದರು. ಬರೆದದ್ದನ್ನು ಪ್ರೊಫೆಸರಿಗೆ ಕೊಟ್ಟರು. ತಿಂಗಳುಗಟ್ಟಲೆ ಅಭಿಪ್ರಾಯ ಬರಲಿಲ್ಲ. ತಾವೇ ಲಂಡನ್ನಿನ ‘ಫಿಲಾಸಫಿಕಲ್ ಮ್ಯಾಗಜೀನ್’ಗೆ ಅಂಚೆಗೆ ಹಾಕಿದರು. 1906ರ ನವೆಂಬರ್ ಸಂಚಿಕೆಯಲ್ಲಿ ಅದು ಅಚ್ಚಾಯಿತು, ಲೇಖಕ ಒಬ್ಬನೇ. ಆ ತಿಂಗಳು ರಾಮನ್‌ಗೆ ಹದಿನೆಂಟು ತುಂಬಿತ್ತು. ಮುಂದೆ ಬೆಂಗಳೂರಿನಲ್ಲಿ ತಮ್ಮದೇ ಸಂಸ್ಥೆ ಕಟ್ಟಿದ ಮೇಲೂ ಹರಳು, ಚಿಪ್ಪು, ಹೂವಿನ ಬಣ್ಣ ಎಂದು ಕಣ್ಣಿಗೆ ಬಿದ್ದದ್ದರ ಬೆನ್ನು ಬೀಳುವ ಸ್ವಭಾವ ಅವರನ್ನು ಬಿಡಲಿಲ್ಲ.

ವಿಜ್ಞಾನಕ್ಕಷ್ಟೇ ಈ ಮಾತು ಸಲ್ಲುವುದೆಂದೂ ಅಲ್ಲ. ಎಂ. ಚಿದಾನಂದಮೂರ್ತಿಯವರು ಮೈಸೂರು ವಿಶ್ವವಿದ್ಯಾಲಯದ ಪಿಎಚ್.ಡಿ.ಗಾಗಿ ಬರೆದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪುಸ್ತಕವಾಯಿತು. ಶಾಸನ ಎಂದರೆ ರಾಜ, ಯುದ್ಧ, ವಂಶಾವಳಿ ಎನ್ನುತ್ತಿದ್ದ ಕಾಲದಲ್ಲಿ ಅದೇ ಕಲ್ಲುಗಳ ಮುಂದೆ ನಿಂತು ಜನ ಹೇಗೆ ಬದುಕಿದ್ದರು ಎಂದು ಕೇಳಿದ ಪ್ರಬಂಧ ಅದು. ಅಂದಮೇಲೆ ತಪ್ಪು ‘ಅಧ್ಯಯನ’ ಎಂಬ ಬಾಲದ್ದಲ್ಲ.

ಸಂತೆಗೆ ಯಾಕೆ ಆ ವಾರ?

ಕುತೂಹಲ ಇದ್ದ ಮಾತ್ರಕ್ಕೆ ಪ್ರಬಂಧವಾಗುವುದಿಲ್ಲ. ನನಗೆ ಇತಿಹಾಸ ಇಷ್ಟ, ಪಕ್ಷಿಗಳೆಂದರೆ ಪ್ರಾಣ ಎನ್ನುವುದು ಒಲವು. ಅದು ಪ್ರಶ್ನೆಯಾಗಬೇಕಾದರೆ ಉತ್ತರ ಹೀಗೂ ಬರಬಹುದು, ಹಾಗೂ ಬರಬಹುದು, ನನ್ನ ಊಹೆ ತಪ್ಪೂ ಆಗಬಹುದು ಎಂಬ ಸ್ಥಿತಿ ಇರಬೇಕು. ‘ಸ್ವಸಹಾಯ ಸಂಘಗಳು ಮಹಿಳೆಯರ ಸಬಲೀಕರಣಕ್ಕೆ ನೆರವಾಗಿವೆ’ ಎಂದು ಶುರುವಾದ ಪ್ರಬಂಧ ಕೊನೆಗೆ ಬಂದು ನಿಲ್ಲುವುದೂ ಅಲ್ಲೇ. ನಡುವಿನ ಎಂಬತ್ತು ಪುಟ ಯಾಕೆ ಬೇಕಿತ್ತು ಎಂದು ಕೇಳಿದರೆ ಬೈಂಡಿಂಗ್ ಮಾಡಿಸಲು ಎನ್ನಬೇಕಾಗುತ್ತದೆ.

ಒಂದು ಉದಾಹರಣೆ ಕಟ್ಟಿ ನೋಡೋಣ. ಬಯಲುಸೀಮೆಯ ಹಳ್ಳಿಯಿಂದ ಕಾಲೇಜಿಗೆ ಬಸ್ಸಿನಲ್ಲಿ ಬರುವ ಬಿ.ಎ. ಹುಡುಗಿ. ಬಸ್ಸಿನ ತುಂಬ ಮೂಟೆ, ಬುಟ್ಟಿ ಇದ್ದ ದಿನ ದಾರಿಯಲ್ಲೊಂದು ಊರಿನ ಸಂತೆ ಎಂದು ಅರ್ಥ. ಮಂಗಳವಾರ ಒಂದೂರು, ಬುಧವಾರ ಇನ್ನೊಂದು. ಮೆಣಸಿನಕಾಯಿ ಮಾರುವ ಅದೇ ಅಜ್ಜಿ ಎರಡೂ ಕಡೆ ಇಳಿಯುತ್ತಾಳೆ. ಈ ಊರಿಗೆ ಈ ವಾರ ಅಂತ ನಿಗದಿ ಮಾಡಿದವರು ಯಾರು? ಅಕ್ಕಪಕ್ಕದ ಊರುಗಳ ಸಂತೆ ಒಂದೇ ದಿನ ಬೀಳದ ಹಾಗೆ ಯಾರಾದರೂ ನೋಡಿಕೊಂಡರೇ, ಅಥವಾ ಕಾಲಕ್ರಮದಲ್ಲಿ ತಾನಾಗಿಯೇ ಹಾಗಾಯಿತೇ?

‘ಗ್ರಾಮೀಣ ಸಂತೆಗಳು: ಒಂದು ಅಧ್ಯಯನ’ ಎಂದು ಬರೆದರೆ ಇದು ಮಣ್ಣುಪಾಲು. ಬದಲಿಗೆ ಪ್ರಶ್ನೆಯನ್ನು ಕಿರಿದು ಮಾಡಬೇಕು: ನಮ್ಮ ತಾಲ್ಲೂಕಿನಲ್ಲಿ ಹತ್ತು ಕಿಲೋಮೀಟರಿನೊಳಗಿರುವ ಸಂತೆಗಳು ಒಂದೇ ವಾರ ನಡೆಯುವುದನ್ನು ತಪ್ಪಿಸುತ್ತವೆಯೇ? ಇದಕ್ಕೆ ಹೌದು ಎಂದೂ ಬರಬಹುದು, ಇಲ್ಲ ಎಂದೂ ಬರಬಹುದು. ಅಳೆಯಲೂ ಬರುತ್ತದೆ. ತಾಲ್ಲೂಕಿನ ಎಲ್ಲ ಸಂತೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಹತ್ತಿರದ ಜೋಡಿಗಳನ್ನು ಎಣಿಸಬೇಕು. 42 ಜೋಡಿ ಸಿಕ್ಕವು ಅನ್ನಿ. ವಾರಗಳು ಗೊತ್ತುಗುರಿಯಿಲ್ಲದೆ ಬಿದ್ದಿದ್ದರೆ ಏಳರಲ್ಲಿ ಒಂದು ಜೋಡಿ, ಅಂದರೆ ಸುಮಾರು 6 ಜೋಡಿಗಳು ಒಂದೇ ವಾರಕ್ಕೆ ಬರಬೇಕು. ಎಣಿಸಿದಾಗ ಒಂದೋ ಎರಡೋ ಬಂದರೆ ಊಹೆಗೆ ಬಲ. ಆರೇ ಬಂದರೆ ಊಹೆ ಬಿತ್ತು, ಪ್ರಬಂಧ ಬೀಳಲಿಲ್ಲ. ಸಂಖ್ಯಾಶಾಸ್ತ್ರದ ಮೇಷ್ಟ್ರು ಇಲ್ಲೊಂದು ತಕರಾರು ತೆಗೆಯುತ್ತಾರೆ, ತೆಗೆಯಲೇಬೇಕು. ಏಳೂ ವಾರಗಳಿಗೆ ಸಮಾನ ಬೇಡಿಕೆ ಇರುತ್ತದೆಯೇ? ಕೆಲವು ವಾರಗಳಿಗೆ ಜನರ ಒಲವು ಹೆಚ್ಚಿದ್ದರೆ ಕಾಕತಾಳೀಯವಾಗಿ ಹೊಂದಿಕೆಯಾಗುವ ಜೋಡಿಗಳು ಏಳನೇ ಒಂದಕ್ಕಿಂತ ಜಾಸ್ತಿಯೇ ಆಗುತ್ತವೆ. ಆ ತಕರಾರಿಗೆ ಉತ್ತರ ಹುಡುಕುವಾಗ ಹುಡುಗಿ ಕಲಿಯುವ ಸಂಖ್ಯಾಶಾಸ್ತ್ರ ಪರೀಕ್ಷೆ ಮುಗಿದ ಮೇಲೂ ತಲೆಯಲ್ಲಿ ಉಳಿಯುತ್ತದೆ.

ಮಾಹಿತಿ ಎಲ್ಲಿಂದ? ಸಂತೆಯ ಸುಂಕ ವಸೂಲಿಯನ್ನು ಹರಾಜು ಹಾಕುವ ಗ್ರಾಮ ಪಂಚಾಯಿತಿಯಲ್ಲಿ ಕಾಗದಪತ್ರ ಇರುತ್ತದೆ. ಹಳೆಯ ಸ್ಥಿತಿ ತಿಳಿಯಲು ಜಿಲ್ಲಾ ಗೆಜೆಟಿಯರ್ ನೋಡಬಹುದು. ಇನ್ನೂ ಹಿಂದಕ್ಕೆ ಹೋಗುವ ಉಮೇದಿದ್ದರೆ ಬಿ.ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಸಂತೆ, ಸುಂಕಗಳ ಉಲ್ಲೇಖವಿರುವ ಶಾಸನಗಳಿವೆ. ಎಲ್ಲಕ್ಕಿಂತ ಮುಖ್ಯ ಆ ಮೆಣಸಿನಕಾಯಿ ಅಜ್ಜಿ. ‘ಅಜ್ಜಿ, ವಾರದಲ್ಲಿ ಯಾವ್ಯಾವ ಸಂತೆಗೆ ಹೋಗ್ತೀರಿ? ಎರಡೂ ಒಂದೇ ದಿನ ಬಿದ್ದರೆ ಯಾವುದನ್ನ ಬಿಡ್ತೀರಿ?’ ಈ ಎರಡನೇ ಪ್ರಶ್ನೆ ಯಾವ ಸಿದ್ಧ ಪ್ರಶ್ನಾವಳಿಯಲ್ಲೂ ಸಿಗುವುದಿಲ್ಲ. ಸಂತೆಯ ಪ್ರಶ್ನೆ ನಿಜವಾಗಿ ತಲೆ ಕೊರೆಯುತ್ತಿದ್ದವರಿಗೆ ಮಾತ್ರ ಹೊಳೆಯುವಂಥದ್ದು. ಉತ್ತರ ಬರೆದುಕೊಳ್ಳುವ ಮೊದಲು ಯಾಕೆ ಕೇಳುತ್ತಿದ್ದೇನೆ ಎಂದು ಹೇಳಿ ಒಪ್ಪಿಗೆ ಪಡೆಯಬೇಕು, ಪ್ರಬಂಧದಲ್ಲಿ ಹೆಸರು ಹಾಕಬಾರದು.

ಈಗ ಬರುತ್ತದೆ ಹಿಂದಿನ ಅಧ್ಯಯನಗಳ ಪರಿಶೀಲನೆ. ಬಹುತೇಕ ರಿಪೋರ್ಟುಗಳಲ್ಲಿ ಇದು ಪುಸ್ತಕಗಳ ಮೆರವಣಿಗೆ. ಪ್ರಶ್ನೆ ಕೈಯಲ್ಲಿರುವವರಿಗೆ ಇದರ ಅರ್ಥವೇ ಬೇರೆ: ನನಗಿಂತ ಮೊದಲು ಯಾರಿಗೆ ಈ ಅನುಮಾನ ಬಂದಿತ್ತು? ಹುಡುಕಿದರೆ ವಿಲಿಯಂ ಸ್ಕಿನ್ನರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಸಿಗುತ್ತಾನೆ. ಚೀನಾದ ಸಿಚುವಾನ್ ಪ್ರಾಂತ್ಯದ ಹಳ್ಳಿ ಸಂತೆಗಳ ಬಗ್ಗೆ 1964–65ರಲ್ಲಿ ಮೂರು ಕಂತುಗಳಲ್ಲಿ ಬರೆದವನು. ಅಲ್ಲಿ ವಾರದ ಲೆಕ್ಕವಿಲ್ಲ, ಹತ್ತು ದಿನದ ಲೆಕ್ಕ. ಒಂದೂರಿಗೆ 1, 4, 7ನೇ ದಿನ, ಪಕ್ಕದೂರಿಗೆ 2, 5, 8. ನೆರೆಯ ಪೇಟೆಗಳ ದಿನಗಳು ಹೇಗೆ ಹೊಂದಿಕೊಳ್ಳುತ್ತವೆ, ಹಳ್ಳಿಯವರ ಲೋಕದ ಎಲ್ಲೆ ಎಲ್ಲಿಯವರೆಗೆ ಎಂಬುದನ್ನೆಲ್ಲ ಅವನು ಇದರಿಂದ ಬಿಡಿಸಿ ತೋರಿಸಿದ. ಬಸ್ಸಿನ ಕಿಟಕಿಯ ಪಕ್ಕ ಹುಟ್ಟಿದ ಪ್ರಶ್ನೆಗೆ ಸಿಚುವಾನಿನಲ್ಲಿ ನೆಂಟರಿದ್ದಾರೆ ಎಂದು ಗೊತ್ತಾದಾಗ ಆಗುವ ಖುಷಿಯನ್ನು ಯಾವ ಇಂಟರ್ನಲ್ ಮಾರ್ಕ್ಸೂ ಕೊಡುವುದಿಲ್ಲ.

ಬರೆಯುವ ಕಷ್ಟ

ಬರೆಯುವ ಹೊತ್ತಿಗೆ ಬಹಳಷ್ಟು ಮಕ್ಕಳು ಕೈಚೆಲ್ಲುತ್ತಾರೆ. ಒಳ್ಳೆಯ ನೋಟ್ಸ್ ಮಾಡಿಕೊಂಡವರೂ ಪ್ರಬಂಧದ ಭಾಷೆ ಎಂದ ಕೂಡಲೇ ‘ಪ್ರಸ್ತುತ ಅಧ್ಯಯನವು ಕೈಗೊಳ್ಳಲ್ಪಟ್ಟಿದ್ದು’ ಎಂದು ಶುರು ಮಾಡುತ್ತಾರೆ. ಕೈಗೊಂಡವರು ಯಾರು? ನೀವೇ ತಾನೇ. ‘ನಾನು ಒಂಬತ್ತು ಸಂತೆಗಳಿಗೆ ಹೋದೆ’ ಎಂದು ಬರೆದರೆ ಯಾವ ಶಾಸ್ತ್ರಕ್ಕೂ ಭಂಗವಿಲ್ಲ. ಪೀಠಿಕೆಯಿಂದಲೂ ಶುರು ಮಾಡಬೇಡಿ. ಮೊದಲು ಕೋಷ್ಟಕ, ನಕ್ಷೆ ಸಿದ್ಧ ಮಾಡಿ, ಅದರ ಕೆಳಗೆ ಏನು ಕಂಡಿತು ಎಂದು ನಾಲ್ಕು ಸಾಲು ಬರೆಯಿರಿ. ಆಮೇಲೆ ಹೇಗೆ ಮಾಡಿದಿರಿ ಎಂಬುದು, ಬೇರೆ ತಾಲ್ಲೂಕಿನವರು ಓದಿ ಹಾಗೆಯೇ ಮಾಡಬಹುದಾದಷ್ಟು ವಿವರವಾಗಿ. ಕಂಡದ್ದು ಬೇರೆ, ಕಂಡದ್ದಕ್ಕೆ ನೀವು ಕೊಡುವ ಕಾರಣ ಬೇರೆ; ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಬಾರದು. ಯಾವ ಸಂತೆಯ ಮಾಹಿತಿ ಸಿಗಲಿಲ್ಲ, ಯಾವ ಉತ್ತರದ ಮೇಲೆ ನಿಮಗೇ ನಂಬಿಕೆ ಇಲ್ಲ ಎಂಬುದನ್ನು ಮುಚ್ಚಿಡದೆ ಬರೆಯಿರಿ. ಪೀಠಿಕೆ ಕೊನೆಗೆ, ಸಾರಾಂಶ ಅದಕ್ಕೂ ಕೊನೆಗೆ.

ಪರೀಕ್ಷಕನಾಗಿ ಕೂತಾಗ ನಾನು ಸಾಮಾನ್ಯವಾಗಿ ಕೇಳುವುದು ಒಂದೇ ಮಾತು: ‘ಇದರಲ್ಲಿ ನಿಮಗೇ ಆಶ್ಚರ್ಯ ತಂದದ್ದು ಯಾವುದು?’ ಸ್ವಂತ ಪ್ರಶ್ನೆಯಿಂದ ಹೊರಟವರ ಮುಖ ಅರಳುತ್ತದೆ, ಮಾತು ನಿಲ್ಲಿಸುವುದೇ ಕಷ್ಟ. ಉಳಿದವರು ಗೈಡ್ ಕಡೆ ನೋಡುತ್ತಾರೆ. ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮದ ಪ್ರಕಾರ ಬೇರೆ ಬರಹಗಳೊಂದಿಗೆ ಶೇಕಡ 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ. ಸಾಫ್ಟ್‌ವೇರ್ ಅಳೆಯುವುದು ಸಾಲುಗಳು ಬೇರೆಯವರದೇ ಎಂಬುದನ್ನು. ಪ್ರಶ್ನೆ ಯಾರದು ಎಂದು ಅಳೆಯುವ ಸಾಫ್ಟ್‌ವೇರ್ ಬಂದಿಲ್ಲ. ಚಾಟ್‌ಜಿಪಿಟಿಯಂಥವು ಸಾಲು ತಿದ್ದಿಕೊಡಬಲ್ಲವು, ಇಲ್ಲದ ಪುಸ್ತಕವನ್ನು ಲೇಖಕ, ಪುಟಸಂಖ್ಯೆ ಸಮೇತ ಸೃಷ್ಟಿಸಿಯೂ ಕೊಡಬಲ್ಲವು. ತೆರೆದು ಓದದ ಯಾವುದನ್ನೂ ಪರಾಮರ್ಶನ ಪಟ್ಟಿಗೆ ಸೇರಿಸಬೇಡಿ. ಹಣ ಕಟ್ಟಿದರೆ ಎರಡು ದಿನದಲ್ಲಿ ಪ್ರಕಟಿಸಿ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ವಾಟ್ಸ್ಆ್ಯಪಿನಲ್ಲಿ ಬರುವ ‘ಅಂತರರಾಷ್ಟ್ರೀಯ’ ಜರ್ನಲ್‌ಗಳ ಕಡೆ ತಲೆ ಹಾಕಲೇಬೇಡಿ. ಬರೆದದ್ದನ್ನು ಮಂಡಿಸಲು ಶಾಲಾ ಮಕ್ಕಳಿಗೆ 1993ರಿಂದ ನಡೆದುಬಂದ ಮಕ್ಕಳ ವಿಜ್ಞಾನ ಸಮಾವೇಶವಿದೆ. 10ರಿಂದ 17 ವರ್ಷದವರು ತಮ್ಮೂರಿನ ಸಮಸ್ಯೆಯನ್ನೇ ಆರಿಸಿಕೊಂಡು ಕನ್ನಡದಲ್ಲೇ ಮಂಡಿಸಬಹುದು. ಪದವಿ ವಿದ್ಯಾರ್ಥಿಗಳಿಗೆ ಕಾಲೇಜಿನ ವಾರ್ಷಿಕ ಸಂಚಿಕೆಯೂ ಸಣ್ಣದಲ್ಲ, ಅಲ್ಲಿ ಸ್ವಾಗತ ಕವನದ ಪಕ್ಕ ಒಂದು ಸಂತೆ ನಕ್ಷೆ ಬರಲಿ.

ಓದುಗರಿಗೂ ಇಲ್ಲಿ ಕೆಲಸವಿದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಟ್ಟ ಹಳೆಯ ಪುಸ್ತಕಗಳಿವೆ. ಆರಿದ್ರಾ ಮಳೆ ಮೊದಲಿನ ಹಾಗಿಲ್ಲ ಎಂದು ಹಿರಿಯರು ಹೇಳುವುದು ನಿಜವೇ ಎಂದು ಯಾವುದೋ ಹುಡುಗನಿಗೆ ಅನುಮಾನ ಬಂದರೆ, ಜೂನ್ 22ರ ಸುಮಾರಿನಿಂದ ಎರಡು ವಾರದ ಮಳೆಯನ್ನು ವರ್ಷ ವರ್ಷವೂ ಕೂಡಿ ನೋಡಲು ಆ ಪುಸ್ತಕ ಸಾಕು. ಅಂಗಡಿಯ ಹಳೆಯ ಖಾತೆ ಪುಸ್ತಕ, ಅಜ್ಜನ ಕೃಷಿ ಡೈರಿ, ಮದುವೆಯ ಖರ್ಚಿನ ಚೀಟಿ, ಸಂತೆ ಸುಂಕದ ರಸೀದಿ ಇವೂ ಹಾಗೆಯೇ. ಮನೆ ಸುಣ್ಣ ಹೊಡೆಸುವಾಗ ಇವನ್ನು ರದ್ದಿಗೆ ಹಾಕುವ ಮುನ್ನ ಹತ್ತಿರದ ಕಾಲೇಜಿನ ಇತಿಹಾಸ ಅಥವಾ ಭೂಗೋಳ ವಿಭಾಗಕ್ಕೊಂದು ಫೋನ್ ಮಾಡಿ.